ಅಗಳಿನಾಚೆಯ ಗೋರಿ

ಬೊಲೋನ್ಯ. ಸಂತ ಮಾರ್ಟಿನನ ಹಬ್ಬದ ಮಾರನೆಯ ದಿನ, ಸಂಜೆ ಗಂಟೆ ಬಾರಿಸಿದ ಮೇಲೆ

ನಾಲ್ಕು ಹಾಳೆ ನಕಲಾಯಿತು. ಪೋಪರ ತೀರ್ಪುಗಳ ಗ್ರಂಥ, ಐದನೆಯ ಭಾಗ. ಬೆರಳು ಮರಗಟ್ಟಿದೆ.

ಬಹಿಷ್ಕಾರದ ಅಧ್ಯಾಯ. ಪಾದ್ರಿಯ ಮೇಲೆ ಕೈ ಮಾಡಿದವನು ಆ ಕ್ಷಣವೇ ಚರ್ಚಿನಿಂದ ಹೊರಗೆ — ಸತ್ತರೂ ಹೊರಗೆ. ಗ್ವಿಡೋಟ್ಟೋ ಸತ್ತು ಇಂದಿಗೆ ಒಂಬತ್ತು ದಿನ. ಊರಗೋಡೆಯ ಸುತ್ತಲಿನ ನೀರಿನ ಅಗಳಿನಾಚೆ ಹೂಳಿಸಿದರು, ನನ್ನ ತಮ್ಮನನ್ನು. ಅವ್ವ ಸಾಯುವಾಗ ಮೂರು ಸಲ ಕರೆದರೂ ಬಾರದ ನಮ್ಮ ಕೇರಿಯ ಪಾದ್ರಿ ಅಲ್ಬೆರಿಗೋನ ಕೆನ್ನೆಗೆ ಹೊಡೆದಿದ್ದ. ಅಷ್ಟೇ.

ಮೂರನೆಯ ಹಾಳೆಯಲ್ಲಿ ಒಂದು ತೀರ್ಪು: ಸಾಯುವ ಮುನ್ನ ಪಶ್ಚಾತ್ತಾಪದ ಗುರುತು ಕಂಡಿದ್ದರೆ ಸತ್ತವನನ್ನೂ ಕ್ಷಮಿಸಬಹುದು, ಚರ್ಚಿನ ಮಣ್ಣಿಗೆ ತರಬಹುದು. ಈ ಮೊದಲು ಎರಡು ಸಲ ಇದನ್ನು ಬರೆದಿದ್ದೇನೆ. ಓದಿದ್ದು ಇವತ್ತು.

ಮರುದಿನ

ಹಾಳೆ ಒಪ್ಪಿಸುವಾಗ ಪುಸ್ತಕದಂಗಡಿಯ ಬೊನಾಕೋರ್ಸೋನನ್ನು ಆ ತೀರ್ಪಿನ ಬಗ್ಗೆ ಕೇಳಿದೆ. ನಕ್ಕ. “ನಕಲು ಮಾಡೋರು ಅರ್ಥ ಮಾಡ್ಕೊಳ್ಳೋಕೆ ಹೊರಟ್ರೆ ನಾನು ಅಂಗಡಿ ಮುಚ್ಚಬೇಕಾಗ್ತದೆ ಕಣಮ್ಮಾ.” ಆಮೇಲೆ ದನಿ ತಗ್ಗಿಸಿ, “ಬಿಷಪ್ಪರ ನ್ಯಾಯಾಧಿಕಾರಿ ಹತ್ರ ಹೋಗು. ಆ ಹಾಳೆ ತಗೊಂಡೇ ಹೋಗು.”

ಐದು ದಿನ ಬಿಟ್ಟು

ನ್ಯಾಯಾಧಿಕಾರಿ ಹಾಳೆ ನೋಡಲೇ ಇಲ್ಲ. ಅವರಿಗದು ಬಾಯಿಪಾಠ.

“ಸಾಯೋವಾಗ ಪಾದ್ರಿ ಬೇಕು ಅಂದ್ನಾ?”

“ಇಲ್ಲ, ಸ್ವಾಮಿ.”

“ತಪ್ಪಾಯ್ತು ಅಂತ ಎದೆ ಬಡ್ಕೊಂಡ್ನಾ?”

“ಇಲ್ಲ.”

“ಮತ್ತೇನು ಮಾಡ್ದ?”

“ಅತ್ತ.”

“ಯಾಕೆ ಅತ್ತ?”

ಅವರು ಲೇಖನಿ ಕೆಳಗಿಟ್ಟರು. “ನೆನಪು ಮಾಡ್ಕೊಂಡು ಗುರುವಾರ ಬಾರಮ್ಮ. ಸುವಾರ್ತೆ ಪುಸ್ತಕ ಮುಟ್ಟಿ ಆಣೆ ಇಟ್ಟು ಹೇಳ್ಬೇಕು.”

ನೆನಪು ಮಾಡಿಕೊಳ್ಳುವುದೇನಿದೆ? ಹೊಟ್ಟೆನೋವಿಗೆ ಅತ್ತ. ಕೊನೆಗೆ ಅಂದದ್ದು — “ಅಕ್ಕಾ, ಆ ನನ್ಮಗನಿಗೆ ಇನ್ನೊಂದು ಬಿಗೀಬೇಕಿತ್ತು.”

ಬುಧವಾರ

ಬರೆಯಲಾಗಲಿಲ್ಲ. ಬಾವಿಕಟ್ಟೆಯ ಬಳಿ ಅಲ್ಬೆರಿಗೋ ಎದುರಾದ. “ಏನಮ್ಮಾ, ನಿನ್ನ ತಮ್ಮಂಗೆ ಅಗಳ ಪಕ್ಕ ತಂಪಾಗಿದೆಯಾ?” ನೀರಿಗೆ ಬಂದವರು ನಕ್ಕರು. ಅಲ್ಲಿಂದ ಗೋರಿಗೆ ಹೋದೆ. ನಾಯಿಗಳು ಕೆದಕಿದ್ದವು... ಕೈಯಲ್ಲೇ ಮಣ್ಣೆಳೆದು ಮುಚ್ಚಿದೆ.

ಗುರುವಾರ

ಮುಟ್ಟಿ ಹೇಳಿದೆ. ಪಾಪಕ್ಕೆ ಮರುಗಿ ಅತ್ತ, ಪಾದ್ರಿಯ ಹೆಸರು ಹಿಡಿದು ಕ್ಷಮೆ ಬೇಡಿದ ಅಂದೆ. ನ್ಯಾಯಾಧಿಕಾರಿ ಒಂದು ಮಾತೂ ಬಿಡದೆ ಬರೆದುಕೊಂಡರು. ಅವನದೆಂದು ಉಳಿದಿದ್ದ ಒಂದು ಸಿಟ್ಟನ್ನೂ ನಾನೇ ಕಿತ್ತುಕೊಂಡೆ.

ಕ್ಷಮೆ ಸಿಕ್ಕಿತು. ಅದಕ್ಕೊಂದು ಕ್ರಮವಿದೆಯಂತೆ. ಗೋರಿ ತೆರೆದು, ಕೀರ್ತನೆ ಹಾಡುತ್ತ ಹೆಣಕ್ಕೆ ಬೆತ್ತದ ಏಟು. ಆಮೇಲೆ ಚರ್ಚಿನ ಮಣ್ಣು. ಹೊಡೆಯುವವರು ಯಾರೆಂದು ಕೇಳಿದೆ.

“ನಿಮ್ಮ ಪಾದ್ರಿ. ಇನ್ಯಾರು?”

ನಾಳೆ ಬೆಳಗಿನ ಪ್ರಾರ್ಥನೆ ಆದಮೇಲೆ ಅಗೆಯುತ್ತಾರೆ. ಬೆತ್ತ ಮನೆಯವರೇ ತರಬೇಕಂತೆ.