ಹತ್ತಿಯಲ್ಲಿ ಸುತ್ತಿದ ಮುದ್ರೆ

ಸೆಂಡಾಯ್
೧೮ ನವೆಂಬರ್ ೨೦೨೫, ಮಂಗಳವಾರ

ತೀರ್ಥರೂಪು ಅಪ್ಪನವರಿಗೆ ಮೈತ್ರೇಯಿಯ ನಮಸ್ಕಾರಗಳು.

ಭಾನುವಾರ ಫೋನಿನಲ್ಲಿ ನಾನು ಹೇಳಿದ್ದರಲ್ಲಿ ಅರ್ಧ ಸುಳ್ಳಿತ್ತು. ಅದನ್ನು ತಿದ್ದುವುದು, ಶುಕ್ರವಾರದೊಳಗೆ ನಾನು ಒಪ್ಪಿಸಬೇಕಾದ ಒಂದು ಕಾಗದದ ಬಗ್ಗೆ ನನ್ನ ತೀರ್ಮಾನ ತಿಳಿಸುವುದು, ಇವೆರಡೇ ಈ ಪತ್ರದ ಉದ್ದೇಶ.

ಇಲ್ಲಿನ ಪ್ರಾಂತ್ಯ ಸಭೆಯ ಸದಸ್ಯರೊಬ್ಬರ ಭಾಷಣಗಳನ್ನು ನಾನು ಇಂಗ್ಲಿಷಿಗೆ ಅನುವಾದಿಸಿಕೊಡುವುದು ನಿಮಗೆ ಗೊತ್ತು. ಇತಿಹಾಸ ವಿಭಾಗಕ್ಕೇ ಮೊದಲಿಗಳಾದ ಹುಡುಗಿ ಎಂದು ನನ್ನನ್ನು ಆರಿಸಿದಾಗ ನೀವು ಬೀದಿಗೆಲ್ಲ ಹೇಳಿಕೊಂಡು ಬಂದಿರಿ. ಕಳೆದ ತಿಂಗಳು ಒಂದು ಖಾಸಗಿ ಔತಣದಲ್ಲಿ ಆ ಸದಸ್ಯರು, ಬೆಟ್ಟದ ನೀರಿನ ಸೆಲೆಗಳ ಬಳಿ ಜಮೀನು ಕೊಳ್ಳುವ ವಿದೇಶಿಯರನ್ನು 'ಬಾವಿಗೆ ವಿಷ ಹಾಕುವವರು' ಎಂದು ಕರೆದರು. ಯುರೋಪಿನಲ್ಲಿ ಪ್ಲೇಗು ಹಬ್ಬಿದಾಗ ಯಹೂದಿಗಳ ಮೇಲೆ ಹೊರಿಸಿದ ಮಾತು ಅದು. ಅದರ ಬೆನ್ನಿಗೇ ಅವರನ್ನು ಊರೂರುಗಳಲ್ಲಿ ಸುಟ್ಟರು. ನೂರೆರಡು ವರ್ಷಗಳ ಹಿಂದೆ, ಟೋಕಿಯೋ ಭೂಕಂಪದ ನಂತರ, ಅಂಥದೇ ಮಾತಿಗೆ ಇಲ್ಲಿ ಕೊರಿಯನ್ನರನ್ನು ಕೊಂದರು. ನನ್ನ ಅನುವಾದ ಅವರ ಕಚೇರಿಯ ಜಾಲತಾಣದಲ್ಲಿ ಬಂದ ಮೂರನೆಯ ದಿನ ಪತ್ರಿಕೆಗಳು ಆ ಪದವನ್ನು ಹಿಡಿದವು. ಸದಸ್ಯರು ಹಾಗೆ ಅನ್ನಲೇ ಇಲ್ಲ, ಅನುವಾದಕಿ ಸೇರಿಸಿದಳು ಎಂದು ಕಚೇರಿ ಈಗ ಹೇಳುತ್ತಿದೆ.

ಆ ಪದದ ಚರಿತ್ರೆ ತಿಳಿಯದೆ ಅನುವಾದಿಸಿದೆ ಎಂದು ನಿಮಗೆ ಹೇಳಿದ್ದೆ. ತಿಳಿದಿತ್ತು ಅಪ್ಪ. ಕಚೇರಿ ಕೊಟ್ಟ ಭಾಷಣದ ಜಪಾನಿ ಕರಡಿನಲ್ಲಿ ಕಂಡ ಕೂಡಲೇ ಪೆನ್ಸಿಲ್ ಎತ್ತಿಕೊಂಡೆ. ಸದಸ್ಯರ ಕಾರ್ಯದರ್ಶಿ ಹೊಶಿಕಾವಾ ಸಾನ್ ಅವರನ್ನು ಕೇಳಿದೆ. ಅವರು ನಗುತ್ತ, "ಮೈತ್ರೇಯಿ ಸಾನ್, ನಿಮ್ಮ ಜಪಾನಿ ನಮ್ಮದಕ್ಕಿಂತ ಚೆನ್ನಾಗಿದೆ, ಇದ್ದದ್ದನ್ನು ಇದ್ದ ಹಾಗೇ ಇಡಿ" ಎಂದರು. ಆ ಹೊಗಳಿಕೆಗೆ ನಾನು ಬಾಗಿ ಅರಿಗಾತೋ, ಧನ್ಯವಾದ, ಎಂದೆ. ಪದವನ್ನು ಹಾಗೇ ಇಟ್ಟೆ.

ಪತ್ರಿಕೆಯಲ್ಲಿ ನನ್ನ ಹೆಸರಿಲ್ಲ. ಆದರೆ ನಾನಿರುವ ಕಟ್ಟಡದವರಿಗೆ ಗೊತ್ತು. ಅಂಗಳದ ನಲ್ಲಿಯಲ್ಲಿ ನನ್ನ ಗಿಡಗಳಿಗೆ ನೀರು ಹಿಡಿಯುತ್ತಿದ್ದೆನಲ್ಲ, ನಿನ್ನೆ ಅದಕ್ಕೆ ಟೇಪು ಸುತ್ತಿ, ಮುದ್ದಾದ ಅಕ್ಷರದಲ್ಲಿ ಚೀಟಿ ಅಂಟಿಸಿದ್ದರು: ಹೊರದೇಶದವರು ದಯವಿಟ್ಟು ಮುಟ್ಟಬಾರದು. ಆ 'ದಯವಿಟ್ಟು' ಎಂಬುದನ್ನು ಎರಡು ಸಲ ಓದಿ, ಖಾಲಿ ಬಕೆಟ್ಟು ಹಿಡಿದು ವಾಪಸು ಬಂದೆ. ಪರ್ಸಿಮನ್ ಹಣ್ಣು ಕೊಡುತ್ತಿದ್ದ ಕೆಳಮನೆಯ ಅಜ್ಜಿ ನನ್ನನ್ನು ಕಂಡು ಲಿಫ್ಟಿನ ಬಾಗಿಲು ಮುಚ್ಚುವ ಗುಂಡಿ ಒತ್ತಿದರು. ನಾಚಿಕೆಯಿಂದ ಹೇಳುತ್ತೇನೆ, ಈಗ ನಾನೂ ಮನೆಯ ನಲ್ಲಿಯ ನೀರು ಕುಡಿಯಲು ಹೆದರಿ ಕೊಂಬಿನಿ ಅಂಗಡಿಯಿಂದ ಬಾಟಲಿ ತರುತ್ತಿದ್ದೇನೆ. ಬಾಗಿಲಿಗೆ ಕುರ್ಚಿ ಒತ್ತರಿಸಿಟ್ಟು ಮಲಗುತ್ತೇನೆ.

ಕಚೇರಿ ಕೊಟ್ಟ ಆ ಕಾಗದದಲ್ಲಿ ಇರುವುದು ಐದು ಸಾಲು: ಆ ಪದ ನನ್ನ ಅಜ್ಞಾನದಿಂದ ಸೇರಿತು, ಕ್ಷಮೆ ಇರಲಿ. ಕೆಳಗೆ ನನ್ನ ಮುದ್ರೆಗೆ ಜಾಗ. ಸಹಿಗಿಂತ ಇಲ್ಲಿ ಹೆಸರು ಕೆತ್ತಿದ ಮುದ್ರೆಗೇ ಬೆಲೆ. ಒತ್ತಿದರೆ ಹೊಶಿಕಾವಾ ಸಾನ್ ನನ್ನ ವೀಸಾಕ್ಕೆ ಶಿಫಾರಸು ಬರೆಯುತ್ತಾರಂತೆ. ವೀಸಾ ಜನವರಿಗೆ ಮುಗಿಯುತ್ತದೆ. ಒತ್ತದಿದ್ದರೆ ಏನಾಗುತ್ತದೆಂದು ಅವರು ಹೇಳಲಿಲ್ಲ, ಬಾಗಿಲವರೆಗೆ ಬಂದು ಬಾಗಿ ಬೀಳ್ಕೊಟ್ಟರು. ಗೆಳತಿ ದೀಕ್ಷಾ, "ಒತ್ಬಿಡೇ ಮಹಾರಾಣಿ, ಫಸ್ಟ್ ರ‍್ಯಾಂಕ್ ತಗೊಂಡು ವಾಪಸ್ ಫ್ಲೈಟ್ ಹತ್ತುತೀಯಾ?" ಎಂದಳು. ನೀವೂ, "ಒಂದು ಮುದ್ರೆ ತಾನೇ ಮಗಳೇ, ಒತ್ತಿ ಊಟ ಮಾಡಿ ಮಲಕ್ಕೋ" ಎಂದಿರಿ.

ಅಮ್ಮನಿಗೆ ಈ ಪತ್ರ ತೋರಿಸಬೇಡಿ. ಚಳಿ ಹೆಚ್ಚೆಂದಷ್ಟೇ ಹೇಳಿ.

ನಿಮ್ಮ ಮಗಳು,
ಮೈತ್ರೇಯಿ

ಮರೆತ ಮಾತು: ಈ ಲಕೋಟೆಯೊಳಗೆ ಹತ್ತಿಯಲ್ಲಿ ಸುತ್ತಿರುವುದು ನನ್ನ ಮುದ್ರೆ. 'ರಾಜರ ಕಾಲದ್ದರ ಹಾಗಿದೆ' ಎಂದು ಅಮ್ಮ ಫೋಟೋ ನೋಡಿ ಹಿಗ್ಗಿದ್ದಳಲ್ಲ, ಅದೇ. ಕೈಗೆ ಸಿಗುವಂತಿದ್ದರೆ ಯಾವುದೋ ಗಳಿಗೆಯಲ್ಲಿ ಹೆದರಿ ಒತ್ತಿಬಿಟ್ಟೇನು. ಜೊತೆಗಿರುವ ಹಾಳೆ ಆ ಕರಡು. ಓದಿ ಒಪ್ಪಿದ ಹಾಳೆಗೆ ಒಪ್ಪಿದವರು ಮುದ್ರೆ ಒತ್ತುವುದು ಇಲ್ಲಿಯ ಕಚೇರಿಗಳ ರೂಢಿ. ಆ ಪದದ ಅಂಚಿನಲ್ಲಿ ನನ್ನ ಪೆನ್ಸಿಲಿನ ಪ್ರಶ್ನೆ ಇದೆ. ಅದರ ಪಕ್ಕದಲ್ಲಿ, ಕೆಂಪಗೆ, ಹೊಶಿಕಾವಾ ಸಾನ್ ಅವರ ಮುದ್ರೆ ಇದೆ. ಎರಡನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿ. ನಾನು ಅತ್ತು ಕೇಳಿದರೂ ಮುದ್ರೆಯನ್ನು ವಾಪಸು ಕಳುಹಿಸಬೇಡಿ.

ಆ ಕಾಗದಕ್ಕೆ ನಾನು ಮುದ್ರೆ ಒತ್ತುವುದಿಲ್ಲ.