ಛತ್ರಿ ಅಕ್ಕನ ವೆಬ್‌ಸೈಟ್

ಪ್ರೀತಿಯ ಅಕ್ಕನಿಗೆ,

ಬೀದಿ ಅಲೆದು ಚಪ್ಪಲಿ ಸವೆಸಿಕೊಂಡ ನಿನ್ನ ತಮ್ಮನ ನಮಸ್ಕಾರ.

ವೆಬ್‌ಸೈಟ್ ಮಾಡಿಕೊಡುತ್ತೇನೆ ಎಂದು ಈ ಊರಿನ ಅಂಗಡಿ ಅಂಗಡಿ ಹತ್ತಿ ಇಳಿದು ಮೂರು ವಾರವಾಯಿತು. "ಆಮೇಲೆ ನೋಡೋಣ" ಎನ್ನುವುದರಲ್ಲಿ ಎಲ್ಲರೂ ಪಳಗಿದವರು. ಕೊನೆಗೆ ಒಪ್ಪಿದ್ದು ನನ್ನ ರೂಮಿನ ಕೆಳಗೆ ಕೊಡೆ ರಿಪೇರಿ ಮಾಡುವ ಹೆಂಗಸು. ಬೀದಿಗೆಲ್ಲ ಅವರು ಛತ್ರಿ ಅಕ್ಕ. ನಗಬೇಡ, ನೀನು ನನ್ನನ್ನು ಛತ್ರಿ ಎಂದು ಬೈಯುವ ಅರ್ಥದಲ್ಲಲ್ಲ. "ಹಡಗಲ್ಲಿ ಇರೋರಿಗೂ ಕಾಣುತ್ತೇನಪ್ಪಾ?" ಎಂದಷ್ಟೇ ಕೇಳಿದರು. ಅವರ ತಮ್ಮ ಹಡಗಿನಲ್ಲಿ ಅಡುಗೆಯವನು. ಹೋಗಿ ಎರಡು ವರ್ಷವಾಯಿತಂತೆ.

ಮುರಿದ ಕಡ್ಡಿಗಳ ನಡುವೆ ಕೂತು ಅವರು ಕೊಡೆ ಹೊಲಿಯುವ ಫೋಟೊ ಹಾಕಿ ನಿನ್ನೆ ಸೈಟ್ ತೆರೆದು, ಅದರ ಲಿಂಕನ್ನು ಅವರ ತಮ್ಮನಿಗೂ ಕಳಿಸಿದೆ. ಇವತ್ತು ಬೆಳಿಗ್ಗೆ ಮೊದಲ ಸಂದೇಶ ಬಂತು. ಗಿರಾಕಿಯದಲ್ಲ, ಆ ತಮ್ಮನದು. ನಾನೇ ಓದಿ ಹೇಳಿದೆ: "ಅಕ್ಕಾ, ನಿಂಗೆ ಕನ್ನಡಕ ಯಾವಾಗ ಬಂತು? ಫೋನಲ್ಲಿ ಒಂದ್ ಮಾತೂ ಹೇಳ್ಲಿಲ್ವಲ್ಲ."

"ಇಷ್ಟಕ್ಕೆಲ್ಲ ಹೇಳ್ತಾರಾ, ಹುಚ್ಚ!" ಎಂದು ನಕ್ಕರು. ಆಮೇಲೆ ಕನ್ನಡಕ ತೆಗೆದು ಕೊಡೆಬಟ್ಟೆಯ ತುಂಡಿನಲ್ಲಿ ತುಂಬಾ ಹೊತ್ತು ಒರೆಸುತ್ತ ಕೂತರು.

ಪಕ್ಕದ ಬೀಗದ ಅಂಗಡಿಯವರೂ ಈಗ ಸೈಟ್ ಬೇಕು ಎಂದಿದ್ದಾರೆ. ನನ್ನ ಕೆಮ್ಮು ವಾಸಿಯಾಗಿದೆ. ಫೋನ್ ಮಾಡಿದಾಗಲೆಲ್ಲ ನೀನೂ "ಚೆನ್ನಾಗಿದೀನಿ ಕಣೋ" ಎಂದಷ್ಟೇ ಹೇಳಿ ಇಟ್ಟುಬಿಡುತ್ತೀಯ. ಅಕ್ಕಾ, ನಿನ್ನದೊಂದು ಈಗಿನ ಫೋಟೊ ಕಳಿಸು. ತಲೆ ಬಾಚಿಕೊಳ್ಳುವುದೂ ಬೇಡ, ಇದ್ದ ಹಾಗೆಯೇ ಇರಲಿ. ಈ ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ತಮ್ಮ