ಎರಡು ಸೈಜಿನ ಬಟ್ಟೆ

ಹೈದರಾಬಾದ್, ಮಂಗಳವಾರ

ಪ್ರೀತಿಯ ಅಕ್ಕಾ,

ಫೋನಿನಲ್ಲಿ ಹೇಳಿದರೆ ಶೀತಲಳ ಕಿವಿಗೆ ಬೀಳುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ಮಚಲಿಪಟ್ಟಣಕ್ಕೆ ಬರುತ್ತೇನೆ. ಡಚ್ಚರ ಕೋಟೆ, ಸಮುದ್ರ ಎಲ್ಲ ಮುಂದಿನ ಸಲ ನೋಡೋಣ, ಈ ಸಲ ಶೀತಲಳಿಗೆ ವಾಟರ್‌ಪಾರ್ಕೇ ಬೇಕಂತೆ. ಅಲ್ಲಿ ನೀರಿಗಿಳಿಯಲು ನೈಲಾನ್ ಬಟ್ಟೆಯೇ ಆಗಬೇಕಂತೆ. ಇಲ್ಲಿನ ಮೆಹದಿಪಟ್ನಂನ ಅಂಗಡಿಯವನು ಮಗುವಿನ ಅಳತೆ ಕೇಳಿದ. ನನಗೆ ಗೊತ್ತಿರಲಿಲ್ಲ, ಎರಡು ಸೈಜು ತೆಗೆದುಕೊಂಡೆ.

ಅವಳ ಜೊತೆ ನೀನೇ ನೀರಿಗಿಳಿ. ನಾನು ಚೀಲ, ಚಪ್ಪಲಿ ಕಾಯುತ್ತೇನೆ. ಅವಳನ್ನು ಹೆತ್ತು ನಿನ್ನ ಉಡಿಗೆ ಹಾಕಿದ ದಿನ, ಚಿಕ್ಕಮ್ಮನಾಗಿಯೇ ಇರುತ್ತೇನೆಂದು ಕೊಟ್ಟ ಮಾತು ಮರೆತಿಲ್ಲ. ಮೊನ್ನೆ "ಚಿಗವ್ವಾ, ಯಾವಾಗ ಬರ್ತಿ?" ಅಂತ ಕೇಳಿದಳಲ್ಲ, ಅಷ್ಟು ಸಾಕು.

ಅವಳು ನೀರಿನಿಂದ ಮೇಲೆ ಬಂದಾಗ ತಲೆ ಒರೆಸಿ ಜಡೆ ಹಾಕುವುದನ್ನು ಮಾತ್ರ ನನಗೆ ಬಿಡು. ನನ್ನ ವಾಪಸ್ ಬಸ್ಸು ರಾತ್ರಿಗಿದೆ, ನಿಧಾನವಾಗಿ ಹಾಕುತ್ತೇನೆ.

ನಿನ್ನ ತಂಗಿ,
ಮಹಾನಂದಾ